ಮತಯಂತ್ರದೊಳಗಿನ ಪುಟ್ಟ ಚಿಪ್

ಊರಿಗೆ ಕಂಪ್ಯೂಟರ್ ಯಾವಾಗ ಬಂತು ಎಂದರೆ ಹೆಚ್ಚಿನವರು ಪಂಚಾಯಿತಿ ಕಚೇರಿಯನ್ನೋ ಶಾಲೆಯ ಲ್ಯಾಬನ್ನೋ ನೆನೆಯುತ್ತಾರೆ. ನಾನು 2004ರ ಚುನಾವಣೆಯನ್ನು ನೆನೆಯುತ್ತೇನೆ. ಆ ವರ್ಷ ದೇಶದ ಎಲ್ಲ 543 ಲೋಕಸಭಾ ಕ್ಷೇತ್ರಗಳಲ್ಲೂ ಮತಯಂತ್ರ ಬಳಕೆಯಾಯಿತು. ಕೀಲಿಮಣೆಯನ್ನೇ ಮುಟ್ಟದ ನಮ್ಮ ಅಜ್ಜಿಯರೂ ಸಾಲಿನಲ್ಲಿ ನಿಂತು ಗುಂಡಿ ಒತ್ತಿ ಬಂದರು. ಟಿ.ವಿ. ರಿಮೋಟ್ ಅದಕ್ಕೂ ಮೊದಲೇ ಬಂದಿತ್ತು ನಿಜ, ಆದರೆ ಅದು ಎಲ್ಲರ ಕೈಗೂ ಸಿಗುತ್ತಿರಲಿಲ್ಲ!

ಮತಯಂತ್ರದೊಳಗೆ ಇರುವುದು ಮೈಕ್ರೊಕಂಟ್ರೋಲರ್. ಇದನ್ನೂ ಮೈಕ್ರೊಪ್ರೊಸೆಸರನ್ನೂ ಒಂದೇ ಎಂದು ತಿಳಿಯುವವರು ಬಹಳ. ಮೈಕ್ರೊಪ್ರೊಸೆಸರ್ ನುರಿತ ಗೌಂಡಿಯಂತೆ. ಯಾವ ಕಟ್ಟಡವನ್ನಾದರೂ ಕಟ್ಟಬಲ್ಲ, ಆದರೆ ಉಸುಕು, ಇಟ್ಟಿಗೆ, ನೀರನ್ನು ಬೇರೆಯವರು ಒದಗಿಸಬೇಕು. ಹಾಗೆಯೇ ಅದಕ್ಕೆ ಮೆಮೊರಿ ಮುಂತಾದ ಚಿಪ್‌ಗಳನ್ನು ಹೊರಗಿನಿಂದ ಜೋಡಿಸಬೇಕು. ಮೈಕ್ರೊಕಂಟ್ರೋಲರ್ ದ್ರಾಕ್ಷಿ ತೋಟದ ಕಾವಲುಗಾರನಂತೆ. ಬುತ್ತಿ, ಕಂಬಳಿ, ಬ್ಯಾಟರಿ ಎಲ್ಲ ಅವನ ಗುಡಿಸಲಲ್ಲೇ. ಕೆಲಸ ಮಾತ್ರ ಒಂದೇ. ಲೆಕ್ಕ ಮಾಡುವ ಭಾಗ, ಮೆಮೊರಿ, ಟೈಮರ್, ಗುಂಡಿ-ದೀಪಗಳ ಸಂಪರ್ಕ ಎಲ್ಲವೂ ಒಂದೇ ಚಿಪ್ಪಿನೊಳಗೆ.

ಎರಡೂ ಹೆಚ್ಚುಕಡಿಮೆ ಜೊತೆಯಲ್ಲೇ ಹುಟ್ಟಿದವು. ಇಂಟೆಲ್ ಕಂಪನಿಯ 4004 ಮೈಕ್ರೊಪ್ರೊಸೆಸರ್ 1971ರಲ್ಲಿ ಬಂತು. ಅದರಲ್ಲಿದ್ದದ್ದು ಸುಮಾರು 2,300 ಟ್ರಾನ್ಸಿಸ್ಟರ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿ.ಎಂ.ಎಸ್. 1000 ಮೈಕ್ರೊಕಂಟ್ರೋಲರ್ 1974ರಲ್ಲಿ ಮಾರುಕಟ್ಟೆಗೆ ಬಂತು. ಬಿ.ಇ.ಯಲ್ಲಿ ನಾವು ಓದಿದ 8051 ಬಂದದ್ದು 1980ರಲ್ಲಿ. ಕೀರ್ತಿಯೆಲ್ಲ ಕಂಪ್ಯೂಟರಿನ ಮೈಕ್ರೊಪ್ರೊಸೆಸರಿಗೇ ಹೋಯಿತು. ನನಗೆ ಇದು ಅನ್ಯಾಯವೆನಿಸುತ್ತದೆ.

ಮತಯಂತ್ರ ತಯಾರಿಸುವವರು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. 1982ರ ಮೇ 19ರಂದು ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮೊದಲ ಪ್ರಯೋಗ ನಡೆಯಿತು. ಕಾನೂನಿನಲ್ಲಿ ಅವಕಾಶವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಿದ್ದುಪಡಿ ಜಾರಿಗೆ ಬಂದದ್ದು 1989ರಲ್ಲಿ.

ಊರಿಗೆ ಬಂದಾಗ ಹಿರಿಯರು ಕೇಳುತ್ತಾರೆ: "ತಮ್ಮಾ, ಆ ಮಷೀನ್‌ನ್ಯಾಗ ಯಾರರ ದೂರದಿಂದ ಕೈ ಆಡಸಬಹುದೇನು?" ನಾನು ಪಂಪ್‌ಸೆಟ್ಟಿನ ಉದಾಹರಣೆ ಕೊಡುತ್ತೇನೆ. ಮೊಬೈಲಿನಿಂದ ಮೋಟರ್ ಚಾಲೂ ಮಾಡುವ ಸ್ಟಾರ್ಟರಿನಲ್ಲೂ ಮೈಕ್ರೊಕಂಟ್ರೋಲರ್ ಇದೆ, ಆದರೆ ಪಕ್ಕದಲ್ಲಿ ಸಿಮ್ ಇದೆ. ಆ ಕಾವಲುಗಾರ ಹೊರಗಿನವರ ಮಾತು ಕೇಳುತ್ತಾನೆ. ಮತಯಂತ್ರಕ್ಕೆ ಸಿಮ್ ಇಲ್ಲ, ಇಂಟರ್ನೆಟ್ ಇಲ್ಲ. ಪ್ರೋಗ್ರಾಂ ಒಮ್ಮೆ ಬರೆದರೆ ತಿದ್ದಲು ಬಾರದು ಎನ್ನುತ್ತದೆ ಚುನಾವಣಾ ಆಯೋಗ. ಅಧಿಕಾರಿ ತಮ್ಮ ಮೇಜಿನ ಮೇಲಿನ ಗುಂಡಿ ಒತ್ತಿದರೆ ಒಂದೇ ಒಂದು ಮತಕ್ಕೆ ಅವಕಾಶ.

ಅಷ್ಟಕ್ಕೇ ನಂಬಿ ಎಂದು ನಾನು ಹೇಳುವುದಿಲ್ಲ. ಚಿಪ್ಪಿನೊಳಗೆ ಏನಿದೆಯೆಂದು ಮತದಾರರಿಗೆ ಕಾಣುವುದಿಲ್ಲ. ಆದ್ದರಿಂದಲೇ 2013ರಿಂದ ವಿವಿಪ್ಯಾಟ್ ಬಂತು. ಕಾಗದದ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಾಣುತ್ತದೆ. ಓದಿಯೇ ಹೊರಗೆ ಬನ್ನಿ.