ಶಿಶುವೈದ್ಯವೂ ಗ್ರಹಶಮನವೂ: ಮಕ್ಕಳ ಜ್ವರ ಮತ್ತು ಜೈನ ವೈದ್ಯಪರಂಪರೆ

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ ಕ್ರಿ.ಶ. 812ರ ತಾಮ್ರಶಾಸನವನ್ನು ಜೈನ ಇತಿಹಾಸದ ಅಭ್ಯಾಸಿಗಳು ಸಾಮಾನ್ಯವಾಗಿ ಯಾಪನೀಯ ಸಂಘದ ಗುರುಪರಂಪರೆಯನ್ನು ತಿಳಿಯಲು ಓದುತ್ತಾರೆ. ರಾಷ್ಟ್ರಕೂಟ ಮುಮ್ಮಡಿ ಗೋವಿಂದನು ಚಾಕಿರಾಜನ ಬಿನ್ನಹದಂತೆ ಅರ್ಕಕೀರ್ತಿ ಮುನಿಗೆ ಜಾಲಮಂಗಲವೆಂಬ ಗ್ರಾಮವನ್ನು ದತ್ತಿ ಬಿಟ್ಟುದು ಅದರ ವಿಷಯ. ದಾನ ಸಂದದ್ದು ಮಾನ್ಯಪುರ, ಎಂದರೆ ಇಂದಿನ ಮಣ್ಣೆಯ ಬಳಿಯ ಜಿನೇಂದ್ರಭವನಕ್ಕೆ. ಆದರೆ ದತ್ತಿಯ ಕಾರಣ ನಮ್ಮ ಸೀಮೆಯದೇ. ಕುಣಿಗಲ್ ಎಂದು ಗುರುತಿಸಲಾಗಿರುವ ಕುನುಂಗಿಲ್ ದೇಶವನ್ನು ಆಳುತ್ತಿದ್ದ ವಿಮಲಾದಿತ್ಯನನ್ನು ಕಾಡುತ್ತಿದ್ದ ಶನೈಶ್ಚರನ ಪೀಡೆಯನ್ನು ಆ ಮುನಿ ಪರಿಹರಿಸಿದ್ದನು. ಗ್ರಹಪೀಡೆಯನ್ನು ಕಳೆಯುವುದು ಜೈನ ಮುನಿಯೊಬ್ಬನಿಂದ ಸಮಾಜ ನಿರೀಕ್ಷಿಸುತ್ತಿದ್ದ ಉಪಕಾರವಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಗ್ರಹವೆಂದರೆ ಹಿಡಿಯುವುದು. ಆಕಾಶದ ಶನಿಗೂ ತೊಟ್ಟಿಲ ಕೂಸನ್ನು ಹಿಡಿಯುವ ಬಾಲಗ್ರಹಕ್ಕೂ ಒಂದೇ ಪದ. 'ಗರ ಬಡಿಯಿತು' ಎಂಬ ಆಡುಮಾತಿನ 'ಗರ'ವೂ ಅದರ ತದ್ಭವವೇ. ಸುಶ್ರುತಸಂಹಿತೆ ಸ್ಕಂದ, ಶಕುನಿ, ರೇವತಿ, ಪೂತನಾ ಮೊದಲಾಗಿ ಒಂಬತ್ತು ಬಾಲಗ್ರಹಗಳನ್ನು ಹೆಸರಿಸುತ್ತದೆ. ಒಂಬತ್ತನೆಯದು ನೈಗಮೇಷ. ಶ್ವೇತಾಂಬರರ ಕಲ್ಪಸೂತ್ರದಲ್ಲಿ ಮಹಾವೀರನ ಗರ್ಭವನ್ನು ದೇವಾನಂದೆಯಿಂದ ತ್ರಿಶಲೆಗೆ ಸಾಗಿಸಿದವನು ಹರಿನೈಗಮೇಷಿ. ಒಂದು ಕಡೆ ಶಿಶುರಕ್ಷಕ, ಇನ್ನೊಂದು ಕಡೆ ಶಿಶುಪೀಡಕ! ದಿಗಂಬರರು ಗರ್ಭಾಪಹರಣದ ಕಥೆಯನ್ನೇ ಒಪ್ಪುವುದಿಲ್ಲವೆಂಬುದು ಬೇರೆ ಮಾತು.

ದೇವತೆಗಳ ಹೆಸರನ್ನು ಬದಿಗಿಟ್ಟು ಲಕ್ಷಣಗಳನ್ನಷ್ಟೇ ಓದಿದರೆ ಎದುರಿಗೆ ನಿಲ್ಲುವುದು ಕಾಯಿಲೆಯ ಮಗು: ಮೊಲೆಯನ್ನೊಲ್ಲದೆ ಅಳುತ್ತದೆ, ಮೈ ಕಾದಿದೆ, ಕಣ್ಣು ಮೇಲಕ್ಕೆ ಸಿಕ್ಕಿವೆ, ಕೈಕಾಲು ಸೆಡೆತುಕೊಂಡಿವೆ, ಬಾಯಲ್ಲಿ ನೊರೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಜ್ವರದೊಡನೆ ಬರುವ ಸೆಳವನ್ನು ಕಂಡ ಯಾರಿಗೂ ಈ ಚಿತ್ರ ಹೊಸದಲ್ಲ. ಹಿಡಿಯಿತು ಎಂಬ ಕ್ರಿಯಾಪದ ಅವರಿಗೆ ಹೊಳೆದುದರಲ್ಲಿ ಆಶ್ಚರ್ಯವೂ ಇಲ್ಲ. ಬಾಲಗ್ರಹವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರೂ ಆಧುನಿಕ ಶಿಶುವೈದ್ಯವೆಲ್ಲ ಅಲ್ಲಿಯೇ ಇದೆಯೆಂದು ಹೊಗಳುವವರೂ ಈ ಲಕ್ಷಣಭಾಗವನ್ನು ಓದುವಷ್ಟು ವ್ಯವಧಾನ ತೋರುವುದಿಲ್ಲ.

ಗೋವಿಂದನ ಮಗ ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯನ 'ಕಲ್ಯಾಣಕಾರಕ' ಇಲ್ಲಿ ಮುಖ್ಯವಾಗುತ್ತದೆ. 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾದ ಈ ಸಂಸ್ಕೃತ ಗ್ರಂಥದಲ್ಲಿ ಆಚಾರ್ಯನು ಪೂರ್ವಸೂರಿಗಳನ್ನು ಅವರವರ ಶಾಖೆಯೊಡನೆ ಸ್ಮರಿಸುತ್ತಾನೆ. ಶಾಲಾಕ್ಯಕ್ಕೆ ಪೂಜ್ಯಪಾದ, ಶಲ್ಯಕ್ಕೆ ಪಾತ್ರಸ್ವಾಮಿ, ಕಾಯಚಿಕಿತ್ಸೆಗೆ ದಶರಥಗುರು. ವಿಷ ಮತ್ತು ಉಗ್ರಗ್ರಹಗಳ ಶಮನಕ್ಕೆ ಸಿದ್ಧಸೇನ. ಶಿಶುಗಳ ವೈದ್ಯಕ್ಕೆ ಮೇಘನಾದ. ಗ್ರಹಶಮನವೂ ಶಿಶುವೈದ್ಯವೂ ಇಬ್ಬರು ಬೇರೆ ಬೇರೆ ಗುರುಗಳ ಪಾಲಿಗೆ ಬಂದಿರುವುದನ್ನು ಗಮನಿಸಬೇಕು. ಮಗುವಿನ ಕಾಯಿಲೆಯೆಲ್ಲವೂ ಗ್ರಹದ ಕಾಟವಲ್ಲ ಎಂಬ ತಿಳಿವಳಿಕೆ ಆ ವಿಂಗಡಣೆಯಲ್ಲಿ ಅಡಗಿದೆಯೆಂದು ನಾನು ಭಾವಿಸುತ್ತೇನೆ. ಅರ್ಕಕೀರ್ತಿಗೆ ಗ್ರಾಮ ಸಂದ ಶತಮಾನದಲ್ಲಿಯೇ ಈ ಮಾತು ಬಂದಿದೆ.

ಮಾಂಸ, ಮದ್ಯ, ಜೇನು ಮೂರನ್ನೂ ಉಗ್ರಾದಿತ್ಯನು ಔಷಧಿಯಿಂದ ಹೊರಗಿಟ್ಟನು. ಕಾರಣ ಅಹಿಂಸೆ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದೆಂದು ಇಂದಿನ ವೈದ್ಯರು ಹೇಳುವುದು ಬೊಟುಲಿಸಂ ಎಂಬ ವಿಷಬಾಧೆಯ ಭಯದಿಂದ. ಎರಡು ನಿಷೇಧಗಳು ಒಂದೆಡೆ ಕೂಡಿದವೆಂದು ಎರಡು ಕಾರಣಗಳನ್ನೂ ಒಂದಾಗಿಸುವುದು ಸಂಶೋಧನೆಯಲ್ಲ.

ಚಿಕಿತ್ಸಾಕ್ರಮಕ್ಕೆ ಬಂದರೆ, ಹಸುಳೆಯ ವಿಚಾರದಲ್ಲಿ ಪ್ರಾಚೀನರು ತೋರಿದ ಎಚ್ಚರ ದೊಡ್ಡದು. ಹಾಲುಗೂಸಾದರೆ ಮದ್ದು ಹಾಲೂಡುವವಳಿಗೆ. ಹಾಲನ್ನೂ ಅನ್ನವನ್ನೂ ಉಣ್ಣುವ ಮಗುವಾದರೆ ಇಬ್ಬರಿಗೂ. ಅನ್ನವನ್ನೇ ಉಣ್ಣುವುದಾದರೆ ಮಗುವಿಗೆ ಮಾತ್ರ. ಸುಶ್ರುತನು ಪ್ರಮಾಣವನ್ನೂ ಹೇಳುತ್ತಾನೆ: ಮೊದಲ ಹಂತದಲ್ಲಿ ಬೆರಳಿನ ಎರಡು ಗೆಣ್ಣಿನ ಮೇಲೆ ನಿಲ್ಲುವಷ್ಟು, ಎರಡನೆಯದರಲ್ಲಿ ಎಲಚಿ ಬೀಜದಷ್ಟು, ಮೂರನೆಯದರಲ್ಲಿ ಎಲಚಿ ಹಣ್ಣಿನಷ್ಟು. ತಂಪಿನ ಬಗೆಗೂ ವಿವೇಚನೆಯುಂಟು. ಹೊಸ ಜ್ವರಕ್ಕೆ ಸ್ನಾನ ನಿಷಿದ್ಧ, ವಾತಕಫಜ್ವರಕ್ಕೆ ಬಿಸಿನೀರು, ಉರಿ ಬಾಯಾರಿಕೆಗಳಿದ್ದರೆ ಲಾವಂಚ, ಚಂದನ, ಮುಸ್ತೆ ಮೊದಲಾದವನ್ನು ಹಾಕಿ ಕುದಿಸಿ ಆರಿಸಿದ ನೀರು, ಮೈಗೆ ಚಂದನಾದಿ ತೈಲ.

ಈ ಜ್ಞಾನ 12ನೆಯ ಶತಮಾನದಲ್ಲಿ ಕನ್ನಡಕ್ಕೆ ಇಳಿಯಿತು. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದನ ಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ'ವಾಗಿಸಿದನು; ಸುಮಾರು 1200ರಲ್ಲಿ ದೇವೇಂದ್ರಮುನಿ 'ಬಾಲಗ್ರಹಚಿಕಿತ್ಸೆ'ಯನ್ನು ರಚಿಸಿದನು. ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಶಾಂತೀಶ್ವರ ಬಸದಿಯೂ ಇದೇ ಶತಮಾನದ ಕಟ್ಟಡ. ನಮ್ಮ ಸಾಹಿತ್ಯಚರಿತ್ರೆಗಳು ಚಂಪೂಕಾವ್ಯಕ್ಕೆ ಅಧ್ಯಾಯಗಳನ್ನೇ ಕೊಟ್ಟು ಈ ವೈದ್ಯಕೃತಿಗಳನ್ನು 'ಶಾಸ್ತ್ರಗ್ರಂಥಗಳು' ಎಂಬ ಒಂದು ಕಂಡಿಕೆಯಲ್ಲಿ ಮುಗಿಸುತ್ತವೆ. ಕೂಸು ನರಳುವ ರಾತ್ರಿ ತಾಯಿಗೆ ಅರ್ಥವಾಗುವ ಭಾಷೆಯಲ್ಲಿ ವೈದ್ಯನು ಮಾತನಾಡಬೇಕಾಗಿದ್ದ ಅಗತ್ಯ ಭಾಷಾಚರಿತ್ರೆಗೆ ಸಣ್ಣ ಸಂಗತಿಯೇ?

ಇಂದಿಗೂ ನಮ್ಮ ಮನೆಗಳಲ್ಲಿ ಒಬ್ಬರು ಮಗುವಿಗೆ ಕಂಬಳಿ ಹೊದಿಸಿದರೆ ಇನ್ನೊಬ್ಬರು ತಣ್ಣೀರು ಪಟ್ಟಿ ಹಾಕುತ್ತಾರೆ. ತಣ್ಣೀರು ಸೋಕಿದರೆ ಚರ್ಮದ ರಕ್ತನಾಳಗಳು ಕುಗ್ಗಿ, ನಡುಕ ಹುಟ್ಟಿ, ಒಳಗಿನ ಕಾವು ಹೊರಹೋಗದು. ಹಾಗಾಗಿ ಪಟ್ಟಿ ಹಾಕುವುದಾದರೆ ಉಗುರುಬೆಚ್ಚಗಿನ ನೀರಿನದೇ ಆಗಬೇಕೆಂಬ ಸಲಹೆ ಬಂದಿತು. 2007ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಅದನ್ನೂ ಬೇಡವೆಂದು, ಮಗುವನ್ನು ಅತಿಯಾಗಿ ಹೊದಿಸಲೂಬಾರದು, ಬತ್ತಲೆ ಮಾಡಲೂಬಾರದು ಎಂದಿತು. ಜ್ವರ ಇಳಿಸುವ ಮದ್ದು ಸೆಳವನ್ನು ತಡೆಯುವುದಿಲ್ಲವೆಂದೂ ಹೇಳಿತು. ಮೂರು ತಿಂಗಳೊಳಗಿನ ಕೂಸಿನ ಜ್ವರಕ್ಕೂ ಸೆಳವು ಬಂದ ಮಗುವಿಗೂ ಮನೆಮದ್ದಿನ ಚರ್ಚೆ ಸಲ್ಲದು. ವೈದ್ಯರ ಬಳಿಗೇ ಒಯ್ಯಬೇಕು.

ಪ್ಯಾರಾಸಿಟಮಾಲಿನ ಪ್ರಮಾಣ ಒಂದು ಸಲಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಅಂಗಡಿಯಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವ ಸಿರಪ್ಪೂ ದೊರೆಯುತ್ತದೆ, 250 ಇರುವುದೂ ದೊರೆಯುತ್ತದೆ. ಹನಿಮದ್ದಿನಲ್ಲಿ ಒಂದೇ ಮಿಲಿಲೀಟರಿಗೆ 100. ಹೆಸರು ಒಂದೇ, ಬಾಟಲಿಗಳೂ ಬಹುಮಟ್ಟಿಗೆ ಒಂದೇ ಬಗೆಯವು. ಎಲಚಿ ಬೀಜವನ್ನೂ ಹಣ್ಣನ್ನೂ ಬೇರೆಯಾಗಿ ಕಂಡ ಸುಶ್ರುತನ ಓದುಗರು ಅಡುಗೆಮನೆಯ ಚಮಚದಿಂದ ಅದನ್ನು ಅಳೆಯುತ್ತಿರಲಿಲ್ಲ.