ಫೋನ್‌ನಲ್ಲಿ ಶನಿಯ ಉಂಗುರದ ಫೋಟೋ ತೆಗೆಯಬಹುದೇ? ‘ಫೇಕ್’ ಎನ್ನುವ ಮುನ್ನ ಇದನ್ನು ಓದಿ

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಚಿಕ್ಕಪ್ಪನ ಮಗ ಒಂದು ಫೋಟೋ ಹಾಕಿದ. ಕಪ್ಪು ಹಿನ್ನೆಲೆ, ನಡುವೆ ಹಳದಿ ಚುಕ್ಕೆ, ಅದರ ಎರಡೂ ಬದಿಗೆ ಕಿವಿಯಂತೆ ಚಾಚಿದ ಉಂಗುರ. ‘ಶನಿ. ನನ್ನ ಫೋನಲ್ಲೇ ತೆಗೆದಿದ್ದು’ ಎಂದು ಬರೆದಿದ್ದ. ಫಾರ್ವರ್ಡ್‌ಗಳ ಸತ್ಯಾಸತ್ಯತೆ ಹುಡುಕುವುದೇ ನನ್ನ ಕೆಲಸ. ಆ ಗತ್ತಿನಲ್ಲೇ ‘ಫೇಕ್ ಕಣೋ, ಫೋನಲ್ಲಿ ಶನಿ ಎಲ್ಲ ಬರಲ್ಲ’ ಎಂದು ಉತ್ತರಿಸಿದೆ. ಹಿಂದೆಯೇ ನಗುವ ಇಮೋಜಿಗಳು ಸಾಲಾಗಿ ಬಂದವು. ಅವನು ಮಾತಾಡಲಿಲ್ಲ. ಮುಂದೆ ಊರಿಗೆ ಹೋದಾಗ ತಾರಸಿಗೆ ಕರೆದೊಯ್ದು, ಸ್ನೇಹಿತನಿಂದ ತಂದಿದ್ದ ಟೆಲಿಸ್ಕೋಪಿನ ಮುಂದೆ ನಿಲ್ಲಿಸಿ, ‘ಅಕ್ಕ, ನಿನ್ನ ಫೋನಲ್ಲೇ ತೆಗಿ’ ಎಂದ. ತೆಗೆದೆ. ಉಂಗುರ ಬಂತು.

ಹಾಗಾಗಿ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಹೌದು, ಟೆಲಿಸ್ಕೋಪಿನ ಐಪೀಸ್‌ಗೆ, ಅಂದರೆ ನಾವು ಕಣ್ಣಿಡುವ ಪುಟ್ಟ ಮಸೂರಕ್ಕೆ, ಸಾಮಾನ್ಯ ಫೋನ್ ಹಿಡಿದು ಚಂದ್ರನ ಕುಳಿಗಳು, ಗುರುವಿನ ನಾಲ್ಕು ಉಪಗ್ರಹಗಳು, ಶನಿಯ ಉಂಗುರ ಇವಿಷ್ಟನ್ನೂ ಸೆರೆಹಿಡಿಯಬಹುದು.

ಇದು ಹೇಗೆ ಸಾಧ್ಯ?

ಫೋನ್ ಇಲ್ಲಿ ಮಾಡುವುದು ನಮ್ಮ ಕಣ್ಣಿನ ಕೆಲಸವನ್ನೇ. ಸರಿಯಾಗಿ ಫೋಕಸ್ ಮಾಡಿದ ಟೆಲಿಸ್ಕೋಪಿನ ಐಪೀಸ್‌ನಿಂದ ಬೆಳಕಿನ ಕಿರಣಗಳು ಸಮಾನಾಂತರವಾಗಿ ಹೊರಬರುತ್ತವೆ, ಬಹಳ ದೂರದ ವಸ್ತುವಿನಿಂದ ಬಂದಂತೆ. ಅದನ್ನು ಕಣ್ಣಿನ ಮಸೂರ ರೆಟಿನಾದ ಮೇಲೆ ಬಿಂಬವಾಗಿಸಿದರೆ, ಫೋನಿನ ಮಸೂರ ಸೆನ್ಸರ್ ಮೇಲೆ ಬಿಂಬವಾಗಿಸುತ್ತದೆ. ಅದಕ್ಕೇ ಫೋನಿನ ಪ್ರೊ ಮೋಡ್‌ನಲ್ಲಿ ಫೋಕಸ್ ಅನ್ನು ಬೆಟ್ಟದ ಗುರುತಿನ ಕಡೆಗೆ, ಅಂದರೆ ಅತಿ ದೂರಕ್ಕೆ ಇಡಬೇಕು.

ಕಷ್ಟ ಇರುವುದು ಫೋನನ್ನು ಎಲ್ಲಿ ಹಿಡಿಯಬೇಕು ಎನ್ನುವಲ್ಲಿ. ಹಗಲಲ್ಲಿ ಟೆಲಿಸ್ಕೋಪನ್ನು ಸೂರ್ಯನಿಗೆ ಬೆನ್ನುಮಾಡಿ ಗೋಡೆಯ ಕಡೆ ತಿರುಗಿಸಿ, ಐಪೀಸ್‌ನಿಂದ ಒಂದಡಿ ಹಿಂದೆ ನಿಂತು ನೋಡಿ. ಅದರ ಮೇಲೆ ತೇಲುವಂತೆ ಒಂದು ಪುಟ್ಟ ಬೆಳಕಿನ ಬಿಲ್ಲೆ ಕಾಣುತ್ತದೆ. ಎಲ್ಲ ಬೆಳಕೂ ಹಾದುಹೋಗುವ ಕಿಂಡಿ ಅದು. ಟೆಲಿಸ್ಕೋಪಿನ ಬಾಯಿಯ ಅಗಲವನ್ನು ವರ್ಧನೆಯಿಂದ ಭಾಗಿಸಿದರೆ ಅದರ ಗಾತ್ರ ಸಿಗುತ್ತದೆ. 70 ಮಿ.ಮೀ. ಅಗಲ, 700 ಮಿ.ಮೀ. ಸಂಗಮ ದೂರದ ಟೆಲಿಸ್ಕೋಪಿಗೆ 25 ಮಿ.ಮೀ. ಐಪೀಸ್ ಹಾಕಿದರೆ ವರ್ಧನೆ 28 ಪಟ್ಟು, ಬಿಲ್ಲೆ 2.5 ಮಿ.ಮೀ. ಅದೇ 10 ಮಿ.ಮೀ. ಐಪೀಸ್‌ಗೆ 70 ಪಟ್ಟು, ಬಿಲ್ಲೆ ಬರೀ 1 ಮಿ.ಮೀ. ಫೋನಿನ ಮಸೂರ ಈ ಕಿಂಡಿಗೆ ಸರಿಯಾಗಿ ಕೂರಬೇಕು. ಕೂದಲೆಳೆ ಸರಿದರೂ ಪರದೆ ಕಪ್ಪಾಗುತ್ತದೆ. ಕೈ ಸೋತರೆ ನಿಮ್ಮ ತಪ್ಪೇನಿಲ್ಲ, ಎಲ್ಲರಿಗೂ ಹಾಗೇ. ಫೋನ್ ಕಚ್ಚಿ ಹಿಡಿಯುವ ಹೋಲ್ಡರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮೂರ್ನಾಲ್ಕು ಕ್ಯಾಮೆರಾ ಇರುವ ಫೋನ್ ಆದರೆ ಒಂದೊಂದನ್ನೇ ಬೆರಳಿನಿಂದ ಮುಚ್ಚಿ, ಮುಖ್ಯ ಕ್ಯಾಮೆರಾ ಯಾವುದೆಂದು ಮೊದಲೇ ಗುರುತಿಸಿಕೊಳ್ಳಿ.

ಚಂದ್ರನಿಂದ ಶುರುಮಾಡಿ, ಆದರೆ ಹುಣ್ಣಿಮೆಯ ದಿನ ಬೇಡ. ಆಗ ಬೆಳಕು ನೇರ ಬಿದ್ದು ನೆರಳೇ ಇರುವುದಿಲ್ಲ, ಎಲ್ಲ ಸಪಾಟು. ಅಷ್ಟಮಿಯ ಆಸುಪಾಸಿನಲ್ಲಿ ಬೆಳಕು ಕತ್ತಲು ಸಂಧಿಸುವ ಗೆರೆಯ ಉದ್ದಕ್ಕೂ ಕುಳಿಗಳು ಎದ್ದು ಕಾಣುತ್ತವೆ. ಮೊದಲು ಕಣ್ಣಿನಿಂದ ನೋಡಿ ಫೋಕಸ್ ಮಾಡಿ, ಆಮೇಲೆ ಫೋನ್ ಇಡಿ. ಪರದೆ ಒತ್ತಿಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕು ತಗ್ಗಿಸಿ, 3 ಸೆಕೆಂಡಿನ ಟೈಮರ್ ಹಾಕಿ. ಬಟನ್ ಒತ್ತಿದ ಅಲುಗಾಟ ಅಷ್ಟರಲ್ಲಿ ನಿಂತಿರುತ್ತದೆ. ಭೂಮಿ ತಿರುಗುವುದರಿಂದ ಚಂದ್ರ ತನ್ನ ಅಗಲದಷ್ಟು ದೂರ ಸರಿಯಲು ಸುಮಾರು ಎರಡೇ ನಿಮಿಷ ಸಾಕು. ಹಾಗಾಗಿ ಆಗಾಗ ಟೆಲಿಸ್ಕೋಪನ್ನು ಸರಿಪಡಿಸುತ್ತಿರಬೇಕು.

ಗ್ರಹಗಳಿಗೆ ಫೋಟೋಗಿಂತ ವಿಡಿಯೋ ಮೇಲು. ವಾತಾವರಣದ ಗಾಳಿಯ ಹೊಯ್ದಾಟದಿಂದ ಬಿಂಬ ನೀರಲ್ಲಿಟ್ಟ ನಾಣ್ಯದಂತೆ ನಡುಗುತ್ತಿರುತ್ತದೆ. ಒಂದು ನಿಮಿಷದ ವಿಡಿಯೋದಲ್ಲಿ ಸಾವಿರಕ್ಕೂ ಹೆಚ್ಚು ಫ್ರೇಮುಗಳಿರುತ್ತವೆ. ಅವುಗಳಲ್ಲಿ ಸ್ಪಷ್ಟವಾದವನ್ನು ಮಾತ್ರ ಆರಿಸಿ ಒಂದರ ಮೇಲೊಂದು ಜೋಡಿಸುವ ಆಟೋಸ್ಟಾಕರ್ಟ್‌ನಂಥ ಉಚಿತ ಕಂಪ್ಯೂಟರ್ ಸಾಫ್ಟ್‌ವೇರ್‌ಗಳಿವೆ. ‘ಅದೂ ಎಡಿಟಿಂಗೇ ಅಲ್ಲವೇ?’ ಎಂದರೆ, ಹೌದು, ಆದರೆ ಅಲ್ಲಿ ಸೇರುವ ಪ್ರತಿ ಕಣವೂ ಆ ರಾತ್ರಿ ನಿಮ್ಮ ಟೆಲಿಸ್ಕೋಪಿಗೆ ಬಿದ್ದ ಬೆಳಕೇ. ಕೆಲವು ಫೋನ್‌ಗಳು ಚಂದ್ರನನ್ನು ಗುರುತಿಸಿ ತಾವೇ ವಿವರ ತುಂಬುವುದು ಬೇರೆ ವಿಷಯ. 2023ರಲ್ಲಿ ಈ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಪ್ರೊ ಮೋಡ್ ಬಳಸಿ, ಎಐ ಸೌಲಭ್ಯ ಆಫ್ ಮಾಡಿಕೊಳ್ಳುವುದು ಒಳ್ಳೆಯದು.

ಹಾಗಾದರೆ ನಕಲಿಯನ್ನು ಹಿಡಿಯುವುದು ಹೇಗೆ?

ಗಾತ್ರ ನೋಡಿ. 70 ಪಟ್ಟು ವರ್ಧನೆಯಲ್ಲಿ, 4000 ಪಿಕ್ಸೆಲ್ ಅಗಲದ ಫೋನ್ ಚಿತ್ರದಲ್ಲಿ ಉಂಗುರ ಸಮೇತ ಶನಿಗೆ ಸಿಗುವುದು ಸುಮಾರು 50 ಪಿಕ್ಸೆಲ್. ಪರದೆ ತುಂಬ ತುಂಬಿಕೊಂಡ, ಉಂಗುರದ ಒಂದೊಂದು ಎಳೆಯೂ ಕಾಣುವ ಶನಿ ಬಂದರೆ ಅದು ಹೆಚ್ಚಾಗಿ 2004ರಿಂದ 2017ರವರೆಗೆ ಶನಿಯನ್ನು ಸುತ್ತಿದ ಕ್ಯಾಸಿನಿ ನೌಕೆಯದ್ದೋ, ಹಬಲ್ ಟೆಲಿಸ್ಕೋಪಿನದ್ದೋ ಆಗಿರುತ್ತದೆ, ಇಲ್ಲವೇ ಎಐ ಬರೆದದ್ದು. ಬಿದಿಗೆ ಚಂದ್ರನಂತೆ ಅರೆಬರೆ ಬೆಳಗಿದ ಶನಿಯಂತೂ ಭೂಮಿಯಿಂದ ತೆಗೆದದ್ದಲ್ಲವೇ ಅಲ್ಲ, ನಮಗೆ ಅದು ಯಾವತ್ತೂ ಹೆಚ್ಚುಕಡಿಮೆ ಪೂರ್ತಿ ಬೆಳಗಿಯೇ ಕಾಣುತ್ತದೆ. ದಿನಾಂಕವೂ ಸುಳಿವು ಕೊಡುತ್ತದೆ. 2025ರ ಮಾರ್ಚ್‌ನಲ್ಲಿ ಉಂಗುರದ ಅಂಚು ನೇರ ಭೂಮಿಯ ಕಡೆಗಿತ್ತು, ಆ ವರ್ಷ ಉಂಗುರ ಕಂಡದ್ದು ತೆಳು ಗೆರೆಯ ಹಾಗೆ. ‘2025ರಲ್ಲಿ ತೆಗೆದದ್ದು’ ಎಂದು ಅಗಲವಾದ ಉಂಗುರ ಬಂದರೆ ನಂಬಬೇಡಿ. ಗುರುವಿನ ಫೋಟೋ ಆದರೆ, ಆ ಹೊತ್ತಿಗೆ ಉಪಗ್ರಹಗಳು ಎಲ್ಲಿದ್ದವು ಎಂದು ಸ್ಟೆಲೇರಿಯಮ್ ಆ್ಯಪ್‌ನಲ್ಲಿ ತಾಳೆ ನೋಡಬಹುದು. ಆದರೆ ಕೆಲವು ಟೆಲಿಸ್ಕೋಪುಗಳಲ್ಲಿ ಚಿತ್ರ ತಲೆಕೆಳಗಾಗಿ ಅಥವಾ ಎಡಬಲ ಅದಲುಬದಲಾಗಿ ಬರುತ್ತದೆ ಎನ್ನುವುದು ನೆನಪಿರಲಿ.

‘ಮಂಗಳ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆ’ ಎಂಬ ಆಗಸ್ಟ್ ತಿಂಗಳ ಹಳೇ ಫಾರ್ವರ್ಡ್ ಹುಟ್ಟಿದ್ದೂ ಐಪೀಸ್‌ನಿಂದಲೇ. 2003ರ ಆಗಸ್ಟ್ 27ರಂದು ಮಂಗಳ ತೀರ ಹತ್ತಿರ ಬಂದಾಗ, ಟೆಲಿಸ್ಕೋಪಿನಲ್ಲಿ 75 ಪಟ್ಟು ಹಿಗ್ಗಿಸಿದರೆ ಅದು ಬರಿಗಣ್ಣಿಗೆ ಕಾಣುವ ಚಂದ್ರನಷ್ಟಾಗುತ್ತದೆ ಎಂದಿದ್ದರು. ಹಂಚುತ್ತಾ ಹಂಚುತ್ತಾ ಟೆಲಿಸ್ಕೋಪು ಬಿದ್ದುಹೋಯಿತು!

ಸೂರ್ಯನ ವಿಷಯದಲ್ಲಿ ಮಾತ್ರ ಪ್ರಯೋಗ ಬೇಡ

‘ಫೋನ್ ಪರದೆಯಲ್ಲಿ ನೋಡಿದರೆ ಕಣ್ಣಿಗೇನೂ ಆಗಲ್ಲ’ ಎಂಬ ಮಾತು ಗ್ರಹಣ ಬಂದಾಗಲೆಲ್ಲ ಓಡಾಡುತ್ತದೆ. ಇದು ಅರ್ಧಸತ್ಯ. ಪರದೆಯಿಂದ ಕಣ್ಣು ಸುಡದು ನಿಜ, ಆದರೆ ಫೋನಿನ ಸೆನ್ಸರ್ ಸುಡಬಹುದು. ಅದಕ್ಕಿಂತ ಮುಖ್ಯವಾಗಿ, ಗುರಿ ಹಿಡಿಯಲು ಯಾರಾದರೂ ಒಂದು ಕ್ಷಣ ಕಣ್ಣಿಟ್ಟೇ ಇಡುತ್ತಾರೆ. ರೆಟಿನಾಕ್ಕೆ ನೋವೇ ತಿಳಿಯುವುದಿಲ್ಲ, ಹಾನಿ ಗೊತ್ತಾಗುವುದು ದೃಷ್ಟಿ ಮಂಜಾದ ಮೇಲೆಯೇ. ಸೌರ ಫಿಲ್ಟರ್ ಟೆಲಿಸ್ಕೋಪಿನ ಮುಂಬಾಯಿಗೆ ಬಿಗಿಯಾಗಿ ಕೂರಬೇಕು. ಹಳೆಯ ಸೆಟ್‌ಗಳ ಜೊತೆ ಬರುತ್ತಿದ್ದ, ಐಪೀಸ್‌ಗೆ ತಿರುಪಿ ಹಾಕುವ ಪುಟ್ಟ ಕಪ್ಪು ಗಾಜು ಬಿಸಿಗೆ ಸಿಡಿಯಬಹುದು, ಎಸೆದುಬಿಡಿ. ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು, ಕೂಲಿಂಗ್ ಗ್ಲಾಸ್ ಯಾವುದೂ ಆಗದು. ಪಕ್ಕದ ಪುಟ್ಟ ಫೈಂಡರ್‌ಗೂ ಮುಚ್ಚಳ ಹಾಕಿ. ಮಕ್ಕಳಿರುವ ಮನೆಯಲ್ಲಿ ಹಗಲು ಹೊತ್ತು ಟೆಲಿಸ್ಕೋಪನ್ನು ತಾರಸಿಯಲ್ಲೇ ಬಿಟ್ಟು ಊಟಕ್ಕೆ ಇಳಿಯಬೇಡಿ.

ನನ್ನ ಫೋನಿನಲ್ಲಿ ಬಂದ ಶನಿಯನ್ನು ಅದೇ ಗ್ರೂಪಿಗೆ ಹಾಕಿ, ‘ಅವತ್ತು ತಪ್ಪು ಹೇಳಿದೆ, ಅವನ ಫೋಟೋ ನಿಜ’ ಎಂದು ಬರೆದೆ. ದೊಡ್ಡಪ್ಪ ಮರುಕ್ಷಣವೇ ಉತ್ತರಿಸಿದರು: ‘ಇದೂ ಫೇಕ್ ಇರಬೇಕು.’