ಊರಿನವರ ನಂಟು, ಹೋಟೆಲಿನ ಕಸುಬು

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣ ಕನ್ನಡದಿಂದ ಮದರಾಸು, ಮುಂಬಯಿ, ಬೆಂಗಳೂರುಗಳಿಗೆ ಹೊರಟ ಯುವಕರು ಬೇಸಾಯ, ಪೌರೋಹಿತ್ಯ, ಮಠದ ಅಡುಗೆ ಮುಂತಾದ ಮನೆತನದ ವೃತ್ತಿಗಳನ್ನು ಬಿಟ್ಟು ಹೋಟೆಲ್ ಉದ್ಯಮವನ್ನು ಸೇರಿಕೊಂಡ ಬಗೆಯನ್ನು ಬಡತನದ ಮತ್ತು ಸಾಹಸದ ಕಥೆಯಾಗಿಯೇ ಹೇಳುವುದು ರೂಢಿ. ಇವೆರಡೂ ಇದ್ದದ್ದು ನಿಜ. ಆದರೆ ಕೈಯಲ್ಲಿ ಬಂಡವಾಳವಿಲ್ಲದ, ಪಟ್ಟಣದ ಭಾಷೆ ತಿಳಿಯದ ಹುಡುಗನೊಬ್ಬ ಹೊಸ ಕಸುಬನ್ನು ಒಳಹೊಕ್ಕು ನೋಡಿ, ಅದು ತನಗೆ ಒಗ್ಗುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಲು ಸಾಧ್ಯವಾದದ್ದು ತನಗಿಂತ ಮೊದಲೇ ಅಲ್ಲಿಗೆ ಹೋಗಿದ್ದ ಊರಿನವರ ನಂಟಿನಿಂದ. ಈ ಸಂಗತಿಗೆ ಸಲ್ಲಬೇಕಾದಷ್ಟು ಗಮನ ಇನ್ನೂ ಸಂದಿಲ್ಲ.

ಊರು ಬಿಡಲು ಕಾರಣಗಳಿಗೆ ಕೊರತೆಯಿರಲಿಲ್ಲ. 1923ರಲ್ಲಿ ನೇತ್ರಾವತಿ ಉಕ್ಕಿ ಹರಿದು ಹೊಲಮನೆಗಳನ್ನು ಹಾಳುಗೆಡವಿತು. 1929ರ ನಂತರದ ಆರ್ಥಿಕ ಕುಸಿತದಲ್ಲಿ ಬೆಳೆಗಳ ಬೆಲೆ ಇಳಿಯಿತು. ಜಿಲ್ಲೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದರಿಂದ ಮದರಾಸು ಪರಿಚಿತ ಪಟ್ಟಣವಾಗಿತ್ತು. ಮುಂಬಯಿಗೆ ಕಡಲ ದಾರಿಯಿತ್ತು. ಉಡುಪಿಯ ಅಷ್ಟಮಠಗಳಲ್ಲಿ ಎರಡು ವರ್ಷಕ್ಕೊಮ್ಮೆ ಕೃಷ್ಣಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಪರ್ಯಾಯ ಪದ್ಧತಿಯಿಂದಾಗಿ, ಸಾವಿರಾರು ಜನರಿಗೆ ಒಮ್ಮೆಗೇ ಅಡುಗೆ ಮಾಡಬಲ್ಲ ಬಾಣಸಿಗರ ಪರಂಪರೆಯೂ ಅಲ್ಲಿ ಬೆಳೆದಿತ್ತು.

ಅಡುಗೆ ಬಲ್ಲವನಿಗೆ ಹೋಟೆಲ್ ನಡೆಸಲು ಬರುತ್ತದೆಂದಲ್ಲ. ಆ ಕಲಿಕೆಗೆ ಪುಸ್ತಕವೂ ಇರಲಿಲ್ಲ, ಶಾಲೆಯೂ ಇರಲಿಲ್ಲ. ಸಂಬಂಧಿಕನ ಅಥವಾ ನೆರೆಯೂರಿನವನ ಮಾತಿನ ಮೇಲೆ ಹೋಟೆಲಿಗೆ ಸೇರಿದ ಹುಡುಗ ಮೊದಲು ಲೋಟ ತಟ್ಟೆ ತೊಳೆದು, ಮೇಜು ಒರೆಸಿ, ಮುಂದೆ ತಿಂಡಿ ಬಡಿಸುವ ಸಪ್ಲೈಯರ್ ಆಗಿ, ನಂಬಿಕೆ ಗಳಿಸಿದ ಮೇಲೆ ಗಲ್ಲಾಪೆಟ್ಟಿಗೆಯ ಬಳಿ ಕುಳಿತುಕೊಳ್ಳುವ ಹೊತ್ತಿಗೆ, ತರಕಾರಿಯ ಸಗಟು ದರದಿಂದ ಹಿಡಿದು ಗಿರಾಕಿಯ ಮನೋಧರ್ಮದವರೆಗೆ ಎಲ್ಲವನ್ನೂ ಕಣ್ಣಾರೆ ಕಂಡಿರುತ್ತಿದ್ದ. ಊಟವೂ ಹೋಟೆಲಿನಲ್ಲೇ, ರಾತ್ರಿ ಬಾಗಿಲು ಹಾಕಿದ ಮೇಲೆ ಮಲಗುವುದೂ ಅಲ್ಲೇ ಆದ್ದರಿಂದ ಕಲಿಕೆಯ ಕಾಲದಲ್ಲಿ ಖರ್ಚು ಕಡಿಮೆಯಿತ್ತು; ಒಂದು ಕಡೆ ಹೊಂದದಿದ್ದರೆ ಊರಿನವರೇ ಇನ್ನೊಂದು ಹೋಟೆಲಿನ ದಾರಿ ತೋರಿಸುತ್ತಿದ್ದರು. ಮುಂಬಯಿಯಲ್ಲಿ ಬಳಕೆಗೆ ಬಂದ ಕಂಡಕ್ಟಿಂಗ್ ಪದ್ಧತಿ, ಎಂದರೆ ನಡೆಯುತ್ತಿರುವ ಹೋಟೆಲನ್ನು ಒಡೆಯನಿಗೆ ಗೊತ್ತಾದ ಹಣ ಕೊಟ್ಟು ತಾನೇ ನಡೆಸುವ ಕರಾರು, ಸ್ವಂತ ಜಾಗವಿಲ್ಲದವನಿಗೂ ಮಾಲೀಕತನದ ರುಚಿ ನೋಡುವ ಅವಕಾಶ ಕೊಟ್ಟಿತು. ದುಡಿಮೆ ಮಾತ್ರ ಕಠಿಣವಾಗಿತ್ತು. ಎಳೆಯ ವಯಸ್ಸಿನವರಿಂದ ಹೊತ್ತಿನ ಮಿತಿಯಿಲ್ಲದೆ ಕೆಲಸ ತೆಗೆದುಕೊಂಡದ್ದನ್ನು ಕಲಿಕೆಯ ಹೆಸರಿನಲ್ಲಿ ಮರೆಮಾಚುವುದು ನ್ಯಾಯವಲ್ಲ.

ಕಡಂದಲೆಯ ಕೆ. ಕೃಷ್ಣರಾಯರು ಮದರಾಸಿನಲ್ಲಿ ಇಂಥ ಕೆಳಹಂತದ ಕೆಲಸಗಳಿಂದಲೇ ಮೇಲೆ ಬಂದು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಕೋಟದ ಸಮೀಪದ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿನ ಮನೆಗಳಲ್ಲಿ ಅಡುಗೆ ಮಾಡಿಕೊಂಡಿದ್ದು, 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ಬನ್ನು ಆರಂಭಿಸಿದರು. ಮುಂದೆ ಎಂಟಿಆರ್ ಎಂದು ಪ್ರಸಿದ್ಧವಾದದ್ದು ಇದೇ ಸಂಸ್ಥೆ. ಆ ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಉಪಾಹಾರಗೃಹಗಳ ಶುಚಿತ್ವವನ್ನು ಗಮನಿಸಿ ಬಂದು ತಮ್ಮ ಅಡುಗೆಮನೆಯಲ್ಲಿ ಅದನ್ನು ಜಾರಿಗೆ ತಂದದ್ದು ವಿಶೇಷವಾಗಿ ಗಮನಾರ್ಹ, ಏಕೆಂದರೆ ಊರಿನವರ ಬಳಗ ಕಲಿಸಲಾರದ ವಿದ್ಯೆಯೂ ಇದೆಯೆಂಬುದನ್ನು ಅವರು ಅರಿತಿದ್ದರು.

ಬಳಗವೆಂದರೆ ಬೇಲಿಯೂ ಹೌದು. ಮಡಿಯ ಕಟ್ಟುಪಾಡಿದ್ದ ಹೋಟೆಲುಗಳ ಅಡುಗೆಮನೆ ಬ್ರಾಹ್ಮಣೇತರರಿಗೆ ಮುಚ್ಚಿತ್ತು. ಕಾಫಿ ಕ್ಲಬ್ಬಿನ ಹೆಸರೇ ಅದನ್ನು ಸಾರುತ್ತಿತ್ತು. ಬಂಟರು, ಬಿಲ್ಲವರು, ಮೊಗವೀರರು ತಮ್ಮದೇ ಬಳಗಗಳನ್ನು ಕಟ್ಟಿಕೊಳ್ಳಬೇಕಾಯಿತು. ಆಸ್ತಿಯು ಸೋದರಮಾವನಿಂದ ಸೋದರಳಿಯನಿಗೆ ಸಲ್ಲುವ ಅಳಿಯಸಂತಾನ ಪದ್ಧತಿಯಿದ್ದ ಬಂಟರಲ್ಲಿ, ಪಟ್ಟಣದಲ್ಲಿ ನೆಲೆ ನಿಂತ ಮಾವನೇ ಅಳಿಯನನ್ನು ಕರೆಸಿಕೊಳ್ಳುವುದು ಸಹಜವಾಗಿತ್ತು. ಮುಂಬಯಿಯ ಮೊಗವೀರರು 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಸ್ಥಾಪಿಸಿ ಮುಂದೆ ರಾತ್ರಿ ಶಾಲೆಯನ್ನೂ ನಡೆಸಿದರು. ಹಗಲೆಲ್ಲ ದುಡಿದ ಹುಡುಗರಿಗೆ ಕನ್ನಡ ಮಾಧ್ಯಮದ ಇಂಥ ಶಾಲೆಗಳು ಎರಡನೆಯ ವೃತ್ತಿಪಲ್ಲಟಕ್ಕೂ ದಾರಿ ಮಾಡಿದವು: ಹೋಟೆಲಿನಿಂದ ಕಚೇರಿಗೆ, ಬ್ಯಾಂಕಿಗೆ, ವಕೀಲಿಗೆ ಹೋದವರು ಹಲವರು. ಕರಾವಳಿಯ ಈ ವಲಸೆಯ ಅತ್ಯಂತ ಉದಾರವಾದ ಸೃಷ್ಟಿ ಯಾವ ಹೋಟೆಲೂ ಅಲ್ಲ, ಈ ರಾತ್ರಿ ಶಾಲೆಗಳು ಎನ್ನಬೇಕು.

1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಭೂಮಿ ಉಳುವವನದಾದಾಗ, ಜಮೀನು ಕಳೆದುಕೊಂಡ ಮನೆತನಗಳ ಮಕ್ಕಳೂ ಅದೇ ಜಾಡು ಹಿಡಿದರು. ಆ ಹೊತ್ತಿಗೆ ಪಟ್ಟಣದಲ್ಲಿ ಅವರನ್ನು ಎದುರುಗೊಳ್ಳಲು ಸಂಘಗಳು ಬೇರೂರಿದ್ದವು. ಬಿಲ್ಲವರ ಎಸೋಸಿಯೇಶನ್ನಿನ ಆಶ್ರಯದಲ್ಲಿ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಹುಟ್ಟಿದ ಮೇಲಂತೂ, ಹಿಂದೆ ಊರಿನ ಹಿರಿಯನೊಬ್ಬನ ಮಾತಿನ ಮೇಲೆ ಸಿಗುತ್ತಿದ್ದ ಕೈಗಡಕ್ಕೆ ಜೊತೆಯಾಗಿ ಷೇರು, ಜಾಮೀನುಗಳ ಲಿಖಿತ ಲೆಕ್ಕವಿರುವ ಸಾಲವೂ ಹೊಸಬರಿಗೆ ದೊರೆಯುವಂತಾಯಿತು.